ಐಜೆಮ್ ತಂಡಕ್ಕೆ ಮೆಂಟರ್ ಎಷ್ಟು ಸಹಾಯ ಮಾಡಬೇಕು?

ಪ್ರಶ್ನೆ: ನಾನು ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಬಯೋಟೆಕ್ನಾಲಜಿ ಪಾಠ ಮಾಡುತ್ತೇನೆ. ಮೂರನೇ ವರ್ಷದ ಕೆಲವು ವಿದ್ಯಾರ್ಥಿಗಳು ಐಜೆಮ್ (iGEM) ಎಂಬ ಅಂತರರಾಷ್ಟ್ರೀಯ ಜೀವವಿಜ್ಞಾನ ಸ್ಪರ್ಧೆಗೆ ತಂಡ ಕಟ್ಟುತ್ತಿದ್ದಾರೆ. ನೀವೇ ಮೆಂಟರ್ ಆಗಬೇಕು ಎಂದು ಹಠ ಹಿಡಿದಿದ್ದಾರೆ. ಕೋಲಾರದ ಕಡೆಯ ಬೋರ್‌ವೆಲ್ ನೀರಿನಲ್ಲಿರುವ ಫ್ಲೋರೈಡ್ ಪತ್ತೆ ಮಾಡುವ ಬ್ಯಾಕ್ಟೀರಿಯಾ ತಯಾರಿಸುವ ಆಸೆ ಅವರದು. ನಾನು ಎಷ್ಟು ಹೇಳಿಕೊಡಬೇಕು? ಪ್ರಯೋಗ ಕೈಕೊಟ್ಟರೆ ನಾನೇ ಮಾಡಿಕೊಡಬಹುದಾ?

ಉತ್ತರ: ಖಂಡಿತ ಒಪ್ಪಿಕೊಳ್ಳಿ. ಆದರೆ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ: ಬೇಡ, ನೀವು ಮಾಡಿಕೊಡಬೇಡಿ.

ಐಜೆಮ್ ಗೊತ್ತಿಲ್ಲದವರಿಗೆ ಎರಡು ಮಾತು. 2003ರ ಜನವರಿಯಲ್ಲಿ ಅಮೆರಿಕದ ಎಂಐಟಿಯಲ್ಲಿ ಒಂದು ಚಿಕ್ಕ ಕೋರ್ಸ್ ಆಗಿ ಇದು ಶುರುವಾಯಿತು. ಮರುವರ್ಷ ಐದು ತಂಡಗಳ ಸ್ಪರ್ಧೆಯಾಯಿತು. ಈಗ ಪ್ರಪಂಚದ ಎಲ್ಲ ಕಡೆಯಿಂದ ನೂರಾರು ತಂಡಗಳು ಬರುತ್ತವೆ. 2022ರಿಂದ ಅಂತಿಮ ಸಮಾವೇಶ ಪ್ಯಾರಿಸ್‌ನಲ್ಲಿ ನಡೆಯುತ್ತಿದೆ. ವಿದ್ಯಾರ್ಥಿಗಳು ಜೀನುಗಳನ್ನು ಜೋಡಿಸಿ ಜೀವಕೋಶಕ್ಕೆ ಹೊಸ ಕೆಲಸ ಕಲಿಸಬೇಕು. ಯಾವ ಕೆಲಸ ಯಾರು ಮಾಡಿದರು ಎಂದು ತಂಡ ಬಹಿರಂಗವಾಗಿ ಬರೆದುಕೊಡಬೇಕು. ಅದಿಲ್ಲದೆ ಕಂಚಿನ ಪದಕವೂ ಸಿಗುವುದಿಲ್ಲ. ಹಾಗಾಗಿ ಮೇಷ್ಟ್ರ ಪ್ರಯೋಗವನ್ನು ಮಕ್ಕಳ ಹೆಸರಿಗೆ ಬರೆಯುವ ಹಾಗಿಲ್ಲ. ನಿಯಮ ಇರದಿದ್ದರೂ ನಾನು ಇದನ್ನೇ ಹೇಳುತ್ತಿದ್ದೆ. ಸೋತ ಪ್ರಯೋಗವನ್ನು ತಾವೇ ಸರಿಮಾಡಿಕೊಂಡ ವಿದ್ಯಾರ್ಥಿ ಆ ಬೇಸಿಗೆಯಲ್ಲಿ ಕಲಿಯುವಷ್ಟನ್ನು ನಾವು ನಾಲ್ಕು ಸೆಮಿಸ್ಟರ್‌ನಲ್ಲಿ ಕಲಿಸಲಾರೆವು.

ಹಾಗಂತ ಸುಮ್ನೆ ಕೈಕಟ್ಟಿ ಕೂರಬೇಕಿಲ್ಲ. ಪ್ಲಾಸ್ಮಿಡ್ (ಜೀನು ಹೊತ್ತ ಡಿಎನ್‌ಎ ಉಂಗುರ) ಬ್ಯಾಕ್ಟೀರಿಯಾದ ಒಳಹೋಗಿಲ್ಲ, ಪ್ಲೇಟ್ ಮೇಲೆ ಬ್ಯಾಕ್ಟೀರಿಯಾದ ಒಂದು ಕಾಲೊನಿಯೂ ಇಲ್ಲ ಎಂದು ಅವರು ಬಂದು ನಿಂತಾಗ, 'ಕಂಟ್ರೋಲ್ ಪ್ಲೇಟ್ ತೋರಿಸಿ' ಎನ್ನಿ. ಹೋಲಿಕೆಗೆಂದು ಜೊತೆಗಿಡುವ ಪ್ಲೇಟ್ ಅದು. ಚೆನ್ನಾಗಿ ಗೊತ್ತಿರುವ ಪ್ಲಾಸ್ಮಿಡ್ ಹಾಕಿದ ಪ್ಲೇಟಿನಲ್ಲೂ ಏನೂ ಬೆಳೆದಿಲ್ಲವೇ? ಹಾಗಾದರೆ ಅನುಮಾನ ಮೊದಲು ಕಾಂಪಿಟೆಂಟ್ ಕೋಶಗಳ ಮೇಲೆ, ಅಂದರೆ ಹೊರಗಿನ ಡಿಎನ್‌ಎ ಒಳಗೆ ತೆಗೆದುಕೊಳ್ಳುವಂತೆ ಸಿದ್ಧಪಡಿಸಿದ ಕೋಶಗಳ ಮೇಲೆ. ಡಿಎನ್‌ಎ ಹಾಕದ ಪ್ಲೇಟ್ ತುಂಬ ಬೆಳೆದುಬಿಟ್ಟಿದೆಯೇ? ಪ್ಲಾಸ್ಮಿಡ್ ಇಲ್ಲದ ಕೋಶಗಳನ್ನು ತಡೆಯಬೇಕಾದ ಆಂಟಿಬಯೋಟಿಕ್ ಕೆಟ್ಟಿರಬಹುದು. ಎರಡೂ ಸರಿಯಿದ್ದರೆ ಅವರ ಜೋಡಣೆಯಲ್ಲೇ ತೊಂದರೆ. ಈ ತೀರ್ಮಾನಕ್ಕೆ ಅವರೇ ಬರಲಿ. ಕಂಟ್ರೋಲ್ ಇಟ್ಟೇ ಇಲ್ಲ ಎಂದರೆ ಬೈಯಬೇಡಿ, ಕಂಟ್ರೋಲ್ ಸಮೇತ ಪ್ರಯೋಗವನ್ನು ಮತ್ತೆ ಮಾಡಿಸಿ.

ಇನ್ನು ಫ್ಲೋರೈಡ್ ವಿಷಯ. ಒಳ್ಳೆಯ ಆಯ್ಕೆ. ನಮ್ಮ ಬಯಲುಸೀಮೆಯ ನಿಜವಾದ ಕಷ್ಟ ಅದು. ಮೆಂಟರ್‌ಗೆ ಅತಿ ಹೆಚ್ಚು ಕೆಲಸ ಇರುವುದು ಲ್ಯಾಬಿಗೆ ಹೋಗುವ ಮೊದಲು, ಇಂಥ ಆಸೆಯನ್ನು ಪ್ರಶ್ನೆಗಳಿಂದ ಗಟ್ಟಿಮಾಡುವಾಗ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು ಎನ್ನುತ್ತದೆ ಭಾರತೀಯ ಮಾನಕ. 1.5 ಮಿಲಿಗ್ರಾಂ ಅಂದರೆ ಲ್ಯಾಬಿನವರು ಬಳಸುವ ಸಾಂದ್ರತೆಯ ಅಳತೆಯಲ್ಲಿ ಸುಮಾರು 79 ಮೈಕ್ರೋಮೋಲಾರ್. 'ಅಷ್ಟು ಕಡಿಮೆಗೆ ನಿಮ್ಮ ಬ್ಯಾಕ್ಟೀರಿಯಾ ಉತ್ತರ ಕೊಡುತ್ತದೆಯೇ?' ಎಂದು ಕೇಳಿ. ಫ್ಲೋರೈಡ್ ಬಂದಾಗ ಜೀನನ್ನು ಚಾಲೂ ಮಾಡುವ ಆರ್‌ಎನ್‌ಎ ಸ್ವಿಚ್‌ಗಳು ಕೆಲವು ಬ್ಯಾಕ್ಟೀರಿಯಾಗಳಲ್ಲಿವೆ. ಯೇಲ್ ವಿಶ್ವವಿದ್ಯಾಲಯದವರು 2012ರಲ್ಲಿ ಅದನ್ನು ವಿವರಿಸಿದರು. ಮಕ್ಕಳು ಅದನ್ನೇ ಹುಡುಕಿಕೊಂಡು ಬರುತ್ತಾರೆ. ಆಗ ಎರಡನೇ ಪ್ರಶ್ನೆ: 'ನೀರಿನಲ್ಲಿರುವ ಫ್ಲೋರೈಡ್ ಕೋಶದ ಒಳಗೂ ಅಷ್ಟೇ ಇರುತ್ತದಾ?' ಇರುವುದಿಲ್ಲ. ಲ್ಯಾಬಿನಲ್ಲಿ ಸಾಮಾನ್ಯವಾಗಿ ಬಳಸುವ ಇ. ಕೋಲಿ ಬ್ಯಾಕ್ಟೀರಿಯಾ ಅದನ್ನು ಹೊರಗೆ ತಳ್ಳುತ್ತದೆ. ಆ ಕೆಲಸ ಮಾಡುವ ಪ್ರೋಟೀನಿನ ಜೀನನ್ನು ತೆಗೆದ ತಳಿಯಾದರೆ ಫ್ಲೋರೈಡ್ ಒಳಗೇ ಉಳಿಯುತ್ತದೆ. ನಿಮಗೆ ಇದು ಈಗಲೇ ಗೊತ್ತಾಯಿತು, ಆದರೆ ಅವರಿಗೆ ಹೇಳಬೇಡಿ. ಒಂದು ವಾರ ಓದಿ ಅವರೇ ಕಂಡುಕೊಂಡರೆ ಪ್ರಾಜೆಕ್ಟ್ ಅವರದಾಗುತ್ತದೆ.

ಮೂರನೇ ಪ್ರಶ್ನೆ ಹಳ್ಳಿಯದು. ಜೀನ್ ಬದಲಿಸಿದ ಬ್ಯಾಕ್ಟೀರಿಯಾವನ್ನು ಲ್ಯಾಬಿನಿಂದ ಹೊರಗೆ ಒಯ್ಯುವಂತಿಲ್ಲ. ಐಜೆಮ್ ನಿಯಮವೂ ಅದೇ, ಇಂಥ ಜೀವಿಗಳ ಬಗೆಗಿನ ನಮ್ಮ ದೇಶದ 1989ರ ನಿಯಮಗಳೂ ಅನುಮತಿಯಿಲ್ಲದೆ ಬಿಡುವುದಿಲ್ಲ. ನೀರೇ ಲ್ಯಾಬಿಗೆ ಬರಬೇಕು. ಮುಂದೆ ಹಳ್ಳಿಗೇ ತಲುಪಬೇಕೆಂದರೆ ಜೀವಕೋಶವೇ ಇಲ್ಲದ, ಒಣಗಿಸಿಟ್ಟ ಪರೀಕ್ಷೆ ಯೋಚಿಸಬಹುದು. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದವರು ಫ್ಲೋರೈಡ್‌ಗೇ ಅಂಥದ್ದನ್ನು ಮಾಡಿ ಕೋಸ್ಟಾರಿಕಾದಲ್ಲಿ ಪರೀಕ್ಷಿಸಿದ್ದಾರೆ.

ಒಂದೇ ಒಂದು ಕಡೆ ಮಾತ್ರ ನೀವು ಹಿಂದೆ ನಿಲ್ಲಬಾರದು. ಅದು ಸುರಕ್ಷತೆ. ನಿಮ್ಮ ಕಾಲೇಜಿನಲ್ಲಿ ಜೈವಿಕ ಸುರಕ್ಷತಾ ಸಮಿತಿ ಇದೆಯೇ? ಇಲ್ಲದಿದ್ದರೆ ಸಮಿತಿ ಇರುವ ಸಂಸ್ಥೆಯ ಜೊತೆ ಸೇರಿಕೊಳ್ಳಿ. ಅಪಾಯ ಕಡಿಮೆಯಿರುವ ಮೊದಲ ವರ್ಗದ ಪ್ರಯೋಗಕ್ಕೂ ಸಮಿತಿಗೆ ತಿಳಿಸಲೇಬೇಕು ಎನ್ನುತ್ತವೆ ಜೈವಿಕ ತಂತ್ರಜ್ಞಾನ ಇಲಾಖೆಯ 2017ರ ಮಾರ್ಗಸೂಚಿಗಳು. ಬಳಸಿದ ಪ್ಲೇಟುಗಳು ಬಿಸಿ ಹಬೆಯಿಂದ ಬ್ಯಾಕ್ಟೀರಿಯಾ ಕೊಲ್ಲುವ ಆಟೋಕ್ಲೇವ್‌ಗೆ ಹೋದವೇ, ರಾತ್ರಿ ಒಬ್ಬರೇ ಲ್ಯಾಬಿನಲ್ಲಿದ್ದಾರಾ, ಕೈಗವಸು ಹಾಕಿಕೊಂಡೇ ಮೊಬೈಲ್ ಮುಟ್ಟುತ್ತಿದ್ದಾರಾ ಎಂದು ನೀವೇ ನೋಡಿ. ಇಲ್ಲಿ ಮಕ್ಕಳು ತಪ್ಪು ಮಾಡಿ ಕಲಿಯಲಿ ಎನ್ನುವ ಮಾತೇ ಇಲ್ಲ.

ಪ್ರಶ್ನೆ: ನಾನು ಇಂಥದ್ದೇ ತಂಡದ ವಿದ್ಯಾರ್ಥಿನಿ. ನಮ್ಮ ಗೈಡ್ ತಮ್ಮ ಪಿಎಚ್‌ಡಿ ವಿದ್ಯಾರ್ಥಿಯ ಅರ್ಧಕ್ಕೆ ನಿಂತ ಕೆಲಸವನ್ನೇ ನಮ್ಮ ಪ್ರಾಜೆಕ್ಟ್ ಮಾಡಿ ಎನ್ನುತ್ತಾರೆ. ಏನು ಮಾಡಲಿ?

ಉತ್ತರ: ಅವರ ಲ್ಯಾಬಿನ ತಳಿ, ಪ್ಲಾಸ್ಮಿಡ್, ಅನುಭವ ಬಳಸಿಕೊಳ್ಳುವುದು ಜಾಣತನ. ಜೂನ್‌ನಿಂದ ಅಕ್ಟೋಬರ್ ತನಕ ಸಿಗುವ ಸಮಯ ತೀರಾ ಕಡಿಮೆ. ಡಿಎನ್‌ಎ ಆರ್ಡರ್ ಬರುವುದಕ್ಕೇ ಎಷ್ಟೋ ಸಲ ವಾರಗಳು ಹೋಗುತ್ತವೆ. ಆದರೆ ಪ್ರಶ್ನೆ ನಿಮ್ಮದಾಗಿರಬೇಕು. ನಿಮಗೆ ಬೇಕಾದ ಯೋಜನೆಯನ್ನು ಎರಡು ಪುಟದಲ್ಲಿ ಬರೆಯಿರಿ. ಅವರ ಲ್ಯಾಬಿನ ಯಾವ ಸಾಮಗ್ರಿ ಅದಕ್ಕೆ ಸಾಕು, ಏನು ಹೊಸದಾಗಿ ಬೇಕು, ಕೆಲಸ ಮಾಡದಿದ್ದರೆ ಮುಂದೇನು ಎಂದು ಅದರಲ್ಲಿರಲಿ. ತಂಡದವರೆಲ್ಲ ಸೇರಿ ಹೋಗಿ ಕೊಡಿ. ಬರೀ ಬೇಡ ಎನ್ನುವವರಿಗಿಂತ ಬರೆದು ತಂದವರ ಮಾತನ್ನು ಮೇಷ್ಟ್ರುಗಳು ಜಾಸ್ತಿ ಕೇಳುತ್ತಾರೆ. ಆದರೂ ಒಪ್ಪದಿದ್ದರೆ ವಿಭಾಗದ ಇನ್ನೊಬ್ಬ ಅಧ್ಯಾಪಕರನ್ನು ಎರಡನೇ ಮೆಂಟರ್ ಆಗಿ ಕರೆತನ್ನಿ. ನಿಯಮದಲ್ಲಿ ಅದಕ್ಕೆ ಜಾಗವಿದೆ.

ಪ್ರಶ್ನೆ: ನಾನು ಕಂಪ್ಯೂಟರ್ ಸೈನ್ಸ್ ಓದುತ್ತಿದ್ದೇನೆ. ಪಿಯುಸಿಯಲ್ಲಿ ಬಯಾಲಜಿ ಇರಲಿಲ್ಲ. ತಂಡಕ್ಕೆ ಸೇರಬಹುದಾ?

ಉತ್ತರ: ಸೇರಿ. 2009ರಲ್ಲಿ ಬೆಂಗಳೂರಿನ ಸೃಷ್ಟಿ ಕಲಾಶಾಲೆಯ ವಿದ್ಯಾರ್ಥಿಗಳು ಐಜೆಮ್‌ಗೆ ಹೋಗಿದ್ದರು. ಓದುತ್ತಿದ್ದುದು ಕಲೆ, ವಿನ್ಯಾಸ. ಮೊದಲ ಮಳೆಗೆ ಮಣ್ಣಿನಿಂದ ಏಳುವ ವಾಸನೆ ಇದೆಯಲ್ಲ, ಅದಕ್ಕೆ ಕಾರಣವಾದ ಜಿಯೋಸ್ಮಿನ್ ತಯಾರಿಸುವ ಇ. ಕೋಲಿಯನ್ನು ರೂಪಿಸಲು ಅವರು ಹೊರಟರು. ಕಲೆ ಓದುವವರು ಅಷ್ಟು ಮಾಡಬಹುದಾದರೆ ನೀವು ಹಿಂಜರಿಯಬೇಕಿಲ್ಲ, ಅಲ್ವಾ? ತಂಡಕ್ಕೆ ಮಾಡೆಲಿಂಗ್ (ಕೋಶದ ವರ್ತನೆಯನ್ನು ಸಮೀಕರಣಗಳಲ್ಲಿ ಲೆಕ್ಕ ಹಾಕುವುದು) ಬೇಕು, ವೆಬ್‌ಸೈಟ್ ಬೇಕು. ಆದರೆ ಬರೀ ವೆಬ್‌ಸೈಟ್ ಹುಡುಗ ಆಗಿಬಿಡಬೇಡಿ. ಮೊದಲ ತಿಂಗಳೇ ಮೆಂಟರ್ ಅನುಮತಿ ಪಡೆದು ಲ್ಯಾಬಿನಲ್ಲಿ ಒಂದು ಟ್ರಾನ್ಸ್‌ಫರ್ಮೇಶನ್ (ಬ್ಯಾಕ್ಟೀರಿಯಾದೊಳಗೆ ಪ್ಲಾಸ್ಮಿಡ್ ಸೇರಿಸುವ ಕೆಲಸ) ನಿಮ್ಮ ಕೈಯಾರೆ ಮಾಡಿ. ಕೋಶಗಳು ಬೆಳೆಯುವ ವೇಗವನ್ನು ನೀವೇ ಅಳೆದರೆ, ನಿಮ್ಮ ಸಮೀಕರಣಕ್ಕೆ ಯಾವ ಸಂಖ್ಯೆ ಹಾಕಬೇಕು ಎಂದು ಯಾರನ್ನೂ ಕೇಳಬೇಕಾಗುವುದಿಲ್ಲ.