ಧ್ವನಿ ನಿಂತಿದೆ, ತಮ್ಮ ಮಾತ್ರ ಹಾಸಿಗೆ ಬಿಟ್ಟು ಏಳುತ್ತಿಲ್ಲ

ಪ್ರಶ್ನೆ: ನನ್ನ ತಮ್ಮನಿಗೆ 32 ವರ್ಷ. ಆರು ವರ್ಷದಿಂದ ಸ್ಕಿಜೋಫ್ರೇನಿಯಾ ಅನ್ನುವ ಮಾನಸಿಕ ಕಾಯಿಲೆ. ಮಾತ್ರೆ ತಪ್ಪಿಸುವುದಿಲ್ಲ, ಕಿವಿಯಲ್ಲಿ ಕೇಳುತ್ತಿದ್ದ ಧ್ವನಿಗಳೂ ನಿಂತಿವೆ. ಆದರೆ ದಿನವಿಡೀ ಮಲಗಿರುತ್ತಾನೆ, ಸ್ನಾನಕ್ಕೂ ಹತ್ತು ಸಲ ಹೇಳಬೇಕು. ಅಪ್ಪ ಸೋಮಾರಿ ಎಂದು ಬೈಯುತ್ತಾರೆ. ಮದುವೆ ಮಾಡಿದರೆ ಸರಿಹೋಗುತ್ತಾನೆ ಅನ್ನುತ್ತಾರೆ ನೆಂಟರು. ಇವನ ಬದುಕು ಇಷ್ಟೇನಾ?
– ಹೆಸರು ಬೇಡ, ಶಿವಮೊಗ್ಗ ಜಿಲ್ಲೆ

ಉತ್ತರ: ಖಂಡಿತ ಇಷ್ಟೇ ಅಲ್ಲ. ಆದರೆ ಅಕ್ಕ, ನಿನಗೇನು ಬೇಕು ಅಂತ ಅವನನ್ನೇ ಯಾರಾದರೂ ಕೇಳಿದ್ದೀರಾ? ಕೆಲಸ, ಮದುವೆ ಎಂದು ನಾವು ಅಳೆಯುತ್ತೇವೆ. ಅವನಿಗೆ ಜೇಬಿನಲ್ಲಿ ಸ್ವಲ್ಪ ದುಡ್ಡು, ಹಳೇ ಗೆಳೆಯನ ಜೊತೆ ಒಂದು ಟೀ ಸಾಕಿರಬಹುದು. ಅಲ್ಲಿಂದಲೇ ಶುರು ಮಾಡಿ.

ಅಪ್ಪನಿಗೆ ಇದನ್ನು ಓದಿ ಹೇಳಿ. ಇದು ಸೋಮಾರಿತನ ಅಲ್ಲವೇ ಅಲ್ಲ. ಮಾತ್ರೆಗಳು ಧ್ವನಿ, ಅನುಮಾನಗಳನ್ನು ಹತೋಟಿಗೆ ತರುತ್ತವೆ, ಆದರೆ ಏಳಬೇಕು, ಯಾರನ್ನಾದರೂ ಮಾತಾಡಿಸಬೇಕು ಅನ್ನುವ ಆಸೆಯನ್ನೇ ಈ ಕಾಯಿಲೆ ಬತ್ತಿಸಿಬಿಡುತ್ತದಲ್ಲ, ಅದಕ್ಕೆ ಅವು ಅಷ್ಟಾಗಿ ಕೆಲಸ ಮಾಡುವುದಿಲ್ಲ. ಸದಾ ಬೈಗುಳ ಇರುವ ಮನೆಯಲ್ಲಿ ಕಾಯಿಲೆ ಮರುಕಳಿಸುವುದೂ ಜಾಸ್ತಿ. ಬೈಯುವ ಬದಲು ಒಂದೇ ಒಂದು ಕೆಲಸ ಕೊಡಿ, ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬರುವುದು ಅಂದುಕೊಳ್ಳಿ, ಮೊದಲ ವಾರ ಅಪ್ಪನೇ ಜೊತೆಗೆ ಹೋಗಲಿ.

ಕೆಲವು ಮಾತ್ರೆಗಳಿಂದ ಮಂಪರು ಬರುತ್ತದೆ, ತೂಕ, ಸಕ್ಕರೆ ಏರುತ್ತವೆ. ಹಾಗಂತ ನೀವೇ ನಿಲ್ಲಿಸಬೇಡಿ. ಡಾಕ್ಟರ ಹತ್ತಿರ ಸುಮ್ನೆ ‘ಧ್ವನಿ ನಿಂತಿದೆ’ ಎಂದು ಹೇಳಿ ಬರಬೇಡಿ, ದಿನಕ್ಕೆ ಎಷ್ಟು ಹೊತ್ತು ಮಲಗುತ್ತಾನೆ ಅನ್ನುವುದನ್ನೂ ಹೇಳಿ. ಡೋಸ್ ಬದಲಿಸಲು ಆಗಬಹುದು.

ಮದುವೆ ಇದಕ್ಕೆ ಔಷಧಿ ಅಲ್ಲ. ಮುಂದೆ ಅವನಿಗೇ ಬೇಕು ಅನಿಸಿದರೆ, ಹುಡುಗಿಗೆ ಕಾಯಿಲೆಯ ವಿಷಯ ಮುಚ್ಚಿಡದೆ ಹೇಳಿ ಮಾಡಿ.

ಇನ್ನೊಂದು ವಿಷಯ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ. ವೈದ್ಯರು ತಪಾಸಣೆ ಮಾಡಿ ಅಂಗವೈಕಲ್ಯ ಶೇ. 40 ಅಥವಾ ಅದಕ್ಕಿಂತ ಹೆಚ್ಚು ಎಂದು ಪ್ರಮಾಣಪತ್ರ ಕೊಟ್ಟರೆ ಮಾಸಾಶನಕ್ಕೆ ಅರ್ಜಿ ಹಾಕಬಹುದು. ಊರವರು ಏನಂದಾರೋ ಎಂದು ಬಹಳ ಮನೆಗಳು ಇದನ್ನು ಬಿಟ್ಟುಬಿಡುತ್ತವೆ, ನನಗೆ ತುಂಬಾ ಬೇಜಾರಾಗುವುದು ಅದಕ್ಕೇ. ಆ ದುಡ್ಡು ಅವನ ಕೈಗೇ ಸಿಗಲಿ.

ನಿಮ್ಮದೇ ಜಿಲ್ಲೆಯ ತೀರ್ಥಹಳ್ಳಿಯಲ್ಲಿ ನಿಮ್ಹಾನ್ಸ್‌ನವರು ಇಂಥವರ ಜೊತೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆ ಎಂದು ವಿಚಾರಿಸಿ. 14416, ಇದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು. ತಮ್ಮನಿಗಾಗಿ ಅಷ್ಟೇ ಅಲ್ಲ, ನಿಮಗೆ ಸಾಕಾಗಿಹೋಗಿದೆ ಅನಿಸಿದ ದಿನವೂ ಮಾಡಿ.