ನೆರಳಿಲ್ಲದ ಬಿಸಿಲು

ಕಂಪ್ಯೂಟರ್ ಗೇಮ್‌ಗೆ, ಕಣ್ಣಿಗೆ ಹಾಕಿಕೊಂಡರೆ ಸುತ್ತಲೂ ಕೃತಕ ಲೋಕ ತೋರಿಸುವ ವಿಆರ್ ಕನ್ನಡಕಕ್ಕೆ ಸೈನ್ಯದ ಜೊತೆ ಇರುವ ನಂಟನ್ನು ಕೆಣಕುವ ಕಲಾವಿದರ ಬಗ್ಗೆ ಹೋದ ಸಂಚಿಕೆಯಲ್ಲಿ ಲೇಖನ ಹಾಕಿದ್ದೆವು. ಬೀದರ್‌ನ ನಿವೃತ್ತ ಮಾಸ್ತರರೊಬ್ಬರಿಗೆ ಅದು ಹಿಡಿಸಿಲ್ಲ. 'ನಮ್ಮ ಮನೆ ಮೇಲೆ ವಾಯುನೆಲೆಯ ಹಾಕ್ ವಿಮಾನ ಹಾರುತ್ತವೆ. ಆಕಾಶದಲ್ಲಿ ಕಸರತ್ತು ತೋರಿಸುವ ವಾಯುಪಡೆಯ ಸೂರ್ಯಕಿರಣ್ ತಂಡ ನಮ್ಮೂರಿನದು ಅನ್ನೋ ಹೆಮ್ಮೆ ನಮಗಿದೆ. ಸೈನಿಕರನ್ನು ಹಳಿಯುವವರಿಗೆ ಎರಡು ಪುಟ ಯಾಕೆ? ಫೋನಿನಲ್ಲಿ ಗುಂಡು ಹಾರಿಸಿದ ಮಾತ್ರಕ್ಕೆ ನನ್ನ ಮೊಮ್ಮಗ ಕೆಡುತ್ತಾನಾ? ಸೈನ್ಯದ ಸಾಮಾನನ್ನೇ ತಲೆಗೆ ಹಾಕಿಕೊಂಡು ಸೈನ್ಯವನ್ನೇ ಕೇಳೋದು ಯಾವ ನ್ಯಾಯ?' ಎಂದು ಬರೆದಿದ್ದಾರೆ.

ಮಾಸ್ತರರೇ, ಮೊಮ್ಮಗ ಕೆಡೋದಿಲ್ಲ. ಲೇಖನದಲ್ಲೂ ಹಾಗೆ ಬರೆದಿರಲಿಲ್ಲ. ನಮ್ಮ ಮನೆಯಲ್ಲೂ ಅದೇ ಆಟ, ಅದೇ ಗದ್ದಲ.

ಆದರೆ ಹಳಿದರು ಅನ್ನೋದನ್ನು ಒಪ್ಪಲಾರೆ. ಅಮೆರಿಕದ ಸೈನ್ಯ 2002ರಲ್ಲಿ 'ಅಮೆರಿಕಾಸ್ ಆರ್ಮಿ' ಎಂಬ ಗೇಮ್ ಬಿಟ್ಟಿತು. ಪುಕ್ಕಟೆ. ಹುಡುಗರು ಆಡಲಿ, ಆಮೇಲೆ ಭರ್ತಿಗೆ ಬರಲಿ ಅನ್ನೋದು ಲೆಕ್ಕ. ಜೋಸೆಫ್ ಡಿಲ್ಯಾಪ್ ಎಂಬ ಕಲಾವಿದರು 2006ರಿಂದ ಅದರೊಳಗೆ ಹೋಗಿ, ಬಂದೂಕು ಕೆಳಗೆ ಹಾಕಿ ಸುಮ್ನೆ ನಿಲ್ಲುತ್ತಿದ್ದರು. ಇರಾಕ್‌ನಲ್ಲಿ ಸತ್ತ ಅಮೆರಿಕದ ಸೈನಿಕರ ಹೆಸರು, ವಯಸ್ಸು, ಸತ್ತ ದಿನ ಒಂದೊಂದಾಗಿ ಟೈಪ್ ಮಾಡುತ್ತಿದ್ದರು. ಉಳಿದ ಆಟಗಾರರು ಗುಂಡಿಟ್ಟು ಬೀಳಿಸುತ್ತಿದ್ದರು. ಮುಂದಿನ ಸುತ್ತಿನಲ್ಲಿ ಮತ್ತೆ ಎದ್ದು, ಮತ್ತೆ ಟೈಪ್. 2011ರವರೆಗೂ ಹೀಗೇ ನಡೆಯಿತು. ಪಟ್ಟಿಯಲ್ಲಿದ್ದವರು ಮಾತ್ರ ಯಾವ ಸುತ್ತಿನಲ್ಲೂ ಏಳಲಿಲ್ಲ. ಇದು ಹಳಿಯೋದಾ?

ಜರ್ಮನಿಯ ಚಿತ್ರ ನಿರ್ದೇಶಕ ಹಾರುನ್ ಫರೋಕಿ 2009-10ರಲ್ಲಿ ಮಾಡಿದ 'ಸೀರಿಯಸ್ ಗೇಮ್ಸ್' ಎಂಬ ಕೃತಿ ನನ್ನನ್ನು ಜಾಸ್ತಿ ಕಾಡಿದ್ದು. ಯುದ್ಧಕ್ಕೆ ಹೊರಡುವ ಸೈನಿಕರಿಗೆ ಕಂಪ್ಯೂಟರಿನಲ್ಲಿ ತಾಲೀಮು. ಯುದ್ಧದಿಂದ ಮನಸ್ಸು ಒಡೆದು ಬಂದವರಿಗೂ ಕಂಪ್ಯೂಟರೇ ಮದ್ದು: ತಲೆಗೆ ವಿಆರ್ ಹಾಕಿ, ಇರಾಕ್‌ನ ಬೀದಿಯನ್ನು ಮತ್ತೆ ತೋರಿಸುತ್ತಾರೆ. ಎರಡೂ ಹೆಚ್ಚುಕಡಿಮೆ ಒಂದೇ ತರಹದ ಚಿತ್ರಗಳು. ಒಂದೇ ವ್ಯತ್ಯಾಸ ಫರೋಕಿ ಅವರ ಕಣ್ಣಿಗೆ ಬಿತ್ತು. ತಾಲೀಮಿನ ಚಿತ್ರದಲ್ಲಿ ಎಲ್ಲಕ್ಕೂ ನೆರಳಿದೆ. ಚಿಕಿತ್ಸೆಯ ಚಿತ್ರದಲ್ಲಿ ಯಾವುದಕ್ಕೂ ನೆರಳಿಲ್ಲ. ಯಾಕಂದ್ರೆ ಅದು ಸ್ವಲ್ಪ ಅಗ್ಗದ್ದು. ಕಳಿಸುವಾಗ ಖರ್ಚು ಮಾಡಿದಷ್ಟು ವಾಪಸ್ ಬಂದಾಗ ಮಾಡಲಿಲ್ಲ. ಬೀದರ್‌ನ ಏಪ್ರಿಲ್ ಬಿಸಿಲಲ್ಲಿ ಬಸ್ಸಿಗೆ ಕಾದವರಿಗೆ ನೆರಳಿನ ಬೆಲೆ ನಾನು ಹೇಳಬೇಕಾ?

ಇನ್ನು ಸೈನ್ಯದ ಸಾಮಾನಿನ ಮಾತು. ನಿಜ, 1968ರಲ್ಲಿ ಕಂಪ್ಯೂಟರ್ ವಿಜ್ಞಾನಿ ಐವನ್ ಸದರ್‌ಲ್ಯಾಂಡ್ ಇಂದಿನ ವಿಆರ್ ಕನ್ನಡಕದ ಪೂರ್ವಜನಾದ, ತಲೆಗೆ ಹಾಕುವ ಪರದೆ ಮಾಡಿದಾಗ ಅಮೆರಿಕದ ರಕ್ಷಣಾ ಇಲಾಖೆಯ ಹಣವೂ ಅದರಲ್ಲಿತ್ತು. ನಿಮ್ಮ ಫೋನಿನ ಜಿಪಿಎಸ್ ಕೂಡ ಅದೇ ಇಲಾಖೆಯ ಕೂಸು. ಆದರೆ ನಿಮ್ಮೂರಿನ ಬಿದರಿ ನೋಡಿ. ಸತು, ತಾಮ್ರದ ಪಾತ್ರೆಗೆ ಆ ಕಪ್ಪು ಬರೋದು ಎಲ್ಲಿಂದ? ಕೋಟೆಯಿಂದ. ಬಿಸಿಲು ಮಳೆ ತಾಗದ ಮೂಲೆಯ ಮಣ್ಣು ತಂದು, ನಾಲಿಗೆಗೆ ಹಚ್ಚಿ ಪರೀಕ್ಷಿಸಿ, ನವಸಾಗರದ ಜೊತೆ ಕಲಸಿ ತಿಕ್ಕುತ್ತಾರೆ. ಪಾತ್ರೆ ಕಪ್ಪಾಗುತ್ತದೆ, ಬೆಳ್ಳಿಯ ಎಳೆ ಮಾತ್ರ ಹೊಳೆಯುತ್ತದೆ. ಕೋಟೆ ಕಟ್ಟಿಸಿದ ಸುಲ್ತಾನ ಅದನ್ನು ಹೂಜಿಗಾಗಿ ಕಟ್ಟಿಸಿರಲಿಲ್ಲ, ಅಲ್ವಾ?

ನಮ್ಮದೊಂದು ತಪ್ಪಿದೆ, ಅದನ್ನು ನೀವು ಹಿಡಿಯಲಿಲ್ಲ. ಫರೋಕಿ ಮಾಡಿದ್ದು ವಿಆರ್ ಕೃತಿ ಅಂತ ಅಚ್ಚಾಗಿತ್ತು. ಅದು ವಿಆರ್ ಹಾಕಿಕೊಂಡು ಕೂತವರನ್ನು ಪಕ್ಕದಲ್ಲಿ ನಿಂತು ತೆಗೆದ ವಿಡಿಯೊ.