ಹೊಲಾ ಒತ್ತಿ ಇಟ್ಟು ಬಿ.ಇ. ಮಾಡ್ಲೋ, ಔಸ್‌ಬಿಲ್ಡುಂಗ್‌ಗೆ ಬರ್ಲೋ ಅಂತ ಕೇಳಿದ ತಮ್ಮಗ

ತಮ್ಮಾ, ನಿನ್ನ ಮೆಸೇಜ್ ಪೂರ್ತಿ ಓದಿದೆ. ಮೆಕ್ಯಾನಿಕಲ್ ಡಿಪ್ಲೊಮಾ ಮುಗದೈತಿ, ಒಂದ್ ವರ್ಷದಿಂದ ಬೆಳಗಾವಿಯ ಉದ್ಯಮಬಾಗದಾಗ ವಿಎಂಸಿ (ಕಂಪ್ಯೂಟರ್‌ಲೇ ಲೋಹ ಕೊರಿಯೂ) ಮಷಿನ್ ನಡಸಾಕತ್ತಿ, ಅಪ್ಪಾರು ಬೈಲಹೊಂಗಲದ ಹೊಲಾ ಒತ್ತಿ ಇಟ್ಟು ಮ್ಯಾನೇಜ್‌ಮೆಂಟ್ ಸೀಟ್ ಕೊಡಸ್ತೀನಿ, ಆಮ್ಯಾಲ ಎಂಎಸ್‌ಗೆ ಜರ್ಮನಿಗೆ ಹೋಗು ಅಂತಾರ, ನಿನ್ನ ದೋಸ್ತ ಅದೆಲ್ಲಾ ಯಾಕ ಬೇಕಲೇ ಸೀದಾ ಜರ್ಮನಿಯ ಔಸ್‌ಬಿಲ್ಡುಂಗ್‌ಗೆ (ಕಂಪ್ನ್ಯಾಗ ಕೆಲ್ಸಾ ಮಾಡ್ಕೋತ ಕಲಿಯೂ ಟ್ರೇನಿಂಗ್) ಹೋಗೂಣು, ಕಲಿಕೀನೂ ಐತಿ ಸಂಬಳಾನೂ ಐತಿ ಅಂತಾನ. ಅಕ್ಕಾರ ನೀವ ಹೇಳ್ರಿ ಅಂದಿ. ನಾ ಬೆಳಗಾವಿಯೊಳಗ ಬಿ.ಇ. ಮುಗಿಸಿ ಇಲ್ಲೆ ಜರ್ಮನಿಗೆ ಎಂಎಸ್‌ಗೆ ಬಂದಾಕಿ, ಈಗ ಸ್ಟುಟ್‌ಗಾರ್ಟ್ ಕಡೆ ಹೈಡ್ರಾಲಿಕ್ ವಾಲ್ವ್ ಮಾಡೂ ಕಂಪ್ನ್ಯಾಗ ಅದೀನಿ, ಔಸ್‌ಬಿಲ್ಡುಂಗ್ ಹುಡುಗ್ರನ್ನ ದಿನಾ ನೋಡ್ತೀನಿ, ಅದಕ್ಕ ಎರಡೂ ಕಡಿದು ಹೇಳ್ತೀನಿ.

ಮೊದ್ಲ ಹೊಲದ ಮಾತ. ಡಿಪ್ಲೊಮಾದವ್ರಿಗೆ ಡಿಸಿಇಟಿ ಅಂತ ಎಂಟ್ರನ್ಸ್ ಪರೀಕ್ಷಾ ಐತಿ, ಎರಡನೇ ವರ್ಷಕ್ಕ ಸೀದಾ ಸೇರ್ತಿ, ಮೂರ ವರ್ಷದಾಗ ಬಿ.ಇ. ಮುಗೀತೈತಿ. ಆ ರ‍್ಯಾಂಕ್ ಮ್ಯಾಲ ಸರ್ಕಾರಿ ಫೀಸಿನ ಸೀಟ್ ಸಿಕ್ತಂದ್ರ ಕಣ್ಮುಚ್ಚಿ ಸೇರು, ಅದರಾಗ ವಾದಾನ ಇಲ್ಲ. ರೊಕ್ಕ ಕಡಿಮಿ ಬಿತ್ತಂದ್ರ ಎಜುಕೇಶನ್ ಲೋನ್‌ಗೆ 7.5 ಲಕ್ಷದ ತನಕಾ ಕೇಂದ್ರ ಸರ್ಕಾರದ ಗ್ಯಾರಂಟಿ ಸ್ಕೀಮ್ ಐತಿ, ಆಸ್ತಿ ಅಡಾ ಇಡೂದು ಬೇಕಾಗಿಲ್ಲ, ಬ್ಯಾಂಕಿನವ್ರು ಬ್ಯಾರೆ ಮಾತಾಡಿದ್ರ ಆ ಗ್ಯಾರಂಟಿ ಸ್ಕೀಮಿನ ಮಾತ ತಗದ ಕೇಳು. ಆದ್ರ ರ‍್ಯಾಂಕೂ ಬರ್ಲಿಲ್ಲ, ಹೊಲಾ ಇಟ್ಟ ಸೀಟ್ ತಗೋಬೇಕು ಅಂದ್ರ ನಾ ಬ್ಯಾಡ ಅಂತೀನಿ. ಬಿ.ಇ. ಮುಗಿಸಿ ನಿನ್ನ ಶಾಪಿನಾಗ ಕ್ವಾಲಿಟಿ ಸೆಕ್ಷನ್‌ದಾಗ ನಿಂತವ್ರು ಇದ್ದ ಇರ್ತಾರ, ಅವ್ರ ಪಗಾರ ನಿನಗಿಂತ ಎಷ್ಟ ಹೆಚ್ಚ ಐತಿ ಚಾ ಕುಡಿಯೂ ಮುಂದ ಸುಮ್ನ ಕೇಳಿ ನೋಡು.

ಮತ್ತ ಖರ್ಚ ಅಲ್ಲಿಗೇ ಮುಗಿಯಂಗಿಲ್ಲ. ಜರ್ಮನ್ಯಾಗ ಓದೂದು ಫ್ರೀ ಅಂತ ನಿಮ್ಮ ಊರಾಗ ಹೇಳ್ಯಾರ ಹೌದಿಲ್ಲೋ? ಸರ್ಕಾರಿ ಯೂನಿವರ್ಸಿಟಿ ಭಾಳಷ್ಟ ಕಡೆ ಟ್ಯೂಶನ್ ಫೀ ಇಲ್ಲ, ಖರೇ. ಆದ್ರ ನಮ್ಮ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಾಗ 2017ರಿಂದ ನಮ್ಮಂಥ ಹೊರಗಿನವ್ರಿಗೆ ಸೆಮಿಸ್ಟರ್‌ಗೆ 1,500 ಯುರೋ ಐತಿ, ಮ್ಯೂನಿಕ್ ಟೆಕ್ನಿಕಲ್ ಯೂನಿವರ್ಸಿಟಿಯವ್ರೂ 2024ರಿಂದ ಶುರು ಮಾಡ್ಯಾರ, ಮಾಸ್ಟರ್ಸ್‌ಗೆ ಸೆಮಿಸ್ಟರ್‌ಗೆ 4,000 ದಿಂದ 6,000. ಇದರ ಮ್ಯಾಲ ವೀಸಾಕ್ಕ ಬ್ಲಾಕ್ಡ್ ಅಕೌಂಟ್, ವರ್ಷಕ್ಕ 11,904 ಯುರೋ ಮೊದಲ ತುಂಬಬೇಕು, ತಿಂಗಳಿಗೆ 992ರಂಗ ನಿನಗ ವಾಪಸ್ ಬರ್ತೈತಿ, ಆದ್ರ ಅಪ್ಪಾರು ಆ ರೊಕ್ಕಾ ಒಮ್ಮೆಲೇ ಹೊಂದಸಬೇಕು, ಇವತ್ತಿನ ರೇಟಿನಾಗ ಹತ್ತ ಲಕ್ಷದ ಮ್ಯಾಲ. ಇಂಗ್ಲಿಷ್ ಮೀಡಿಯಂ ಎಂಎಸ್ ಮಾಡಿ ಜರ್ಮನ್ ಕಲೀದ ಕುಂತವ್ರು ಡಿಗ್ರಿ ಕೈಯಾಗ ಹಿಡಕೊಂಡ ವರ್ಷಗಟ್ಟಲೆ ಅಪ್ಲೈ ಮಾಡಾಕತ್ತಾರ, ಆಟೋ ಕಂಪ್ನಿಗೋಳು ಮಂದೀನ್ನ ಕೆಲಸದಿಂದ ತಗ್ಯಾಕತ್ತ ಮ್ಯಾಲಂತೂ ಕೇಳಬ್ಯಾಡ.

ಇನ್ನ ಔಸ್‌ಬಿಲ್ಡುಂಗ್. ನಿನಗ ಹೊಂದೂದು ಸಿಎನ್‌ಸಿ ಟ್ರೇಡ್, ಇಲ್ಲೆ ಝೆರ್‌ಸ್ಪಾನುಂಗ್ಸ್‌ಮೆಕಾನಿಕರ್ ಅಂತಾರ, ಮೂರೂವರಿ ವರ್ಷ. ವಾರದಾಗ ಒಂದೆರಡ ದಿನ ಸ್ಕೂಲು, ಉಳದದ್ದು ಕಂಪ್ನ್ಯಾಗ. ಮೊದಲನೇ ವರ್ಷದ ಕನಿಷ್ಠ ಪಗಾರ 2026ಕ್ಕ ತಿಂಗಳಿಗೆ 724 ಯುರೋ, ದೊಡ್ಡ ಮೆಟಲ್ ಕಂಪ್ನಿಗೋಳೊಳಗ ಸಾವಿರದ ಮ್ಯಾಲ. ಕಡಿಮಿ ಪಗಾರದ ಕಾಂಟ್ರ್ಯಾಕ್ಟ್ ಆದ್ರ ವೀಸಾಕ್ಕ ಉಳದ ಖರ್ಚಿನ ರೊಕ್ಕಾ ನೀನ ತೋರಸಬೇಕು, ಇದನ್ನ ಏಜೆಂಟ್ ಹೇಳಂಗಿಲ್ಲ. ಬಂದ ಕೂಡ್ಲೆ ಫೈವ್ ಆಕ್ಸಿಸ್ ಮಷಿನ್ ಕೊಡ್ತಾರ ಅನ್ಕೋಬ್ಯಾಡ, ಮೊದ್ಲ ವೈಸ್‌ಗೆ ಕಬ್ಬಣದ ತುಂಡ ಕಟ್ಟಿ ಫೈಲಿಂಗ್, ನಮ್ಮ ಐಟಿಐ ಫಿಟರ್ ಹುಡುಗ್ರು ಮಾಡ್ತಾರಲ್ಲ ಅದ. ನಮ್ಮ ಟ್ರೇನರ್ ಮುದುಕ ಆ ತುಂಡಿಗೆ ರೈಟ್ ಆ್ಯಂಗಲ್ ಹಚ್ಚಿ ಬೆಳಕಿಗೆ ಹಿಡಿತಾನ, ಸಂದಿಯೊಳಗ ಕೂದಲೆಳಿಯಷ್ಟ ಬೆಳಕ ಕಂಡ್ರ ಒಂದ್ ಮಾತೂ ಆಡೂದಿಲ್ಲ, ಹೊಳ್ಳಿ ಆ ಹುಡುಗನ ಕೈಯಾಗ ಇಡ್ತಾನ. ವಾರದ ಕೆಲ್ಸ ಒಂದ್ ವಹಿಯೊಳಗ ಜರ್ಮನ್‌ದಾಗ ಬರದು ಸಹಿ ಮಾಡಸ್ಕೋಬೇಕು, ಅದು ಪೂರ್ತಿ ಇಲ್ಲಂದ್ರ ಕೊನೀ ಪರೀಕ್ಷಾಕ್ಕ ಕೂಡ್ಸಂಗಿಲ್ಲ.

ಅಲ್ಲೆ ಡಿಪ್ಲೊಮಾ ಮಾಡಿ ಕೆಲ್ಸಾನೂ ಮಾಡಿದಾವ ಮತ್ತ ಮೊದಲಿಂದ ಯಾಕ ಕಲೀಬೇಕು ಅಂತ ಕೇಳ್ತಿ. ಇನ್ನೊಂದ್ ದಾರಿ ಐತಿ, 2024ರ ಮಾರ್ಚ್‌ದಿಂದ. ಕನಿಷ್ಠ ಎರಡ ವರ್ಷದ ಸರ್ಕಾರಿ ಮಾನ್ಯತೆ ಇರೂ ಟ್ರೇನಿಂಗು, ಎರಡ ವರ್ಷದ ಅನುಭವ ಇದ್ದವ್ರು ಸೀದಾ ಕೆಲಸಕ್ಕ ಬರಬಹುದು, ಆದ್ರ ಪಗಾರ 2025ರ ಲೆಕ್ಕದಾಗ ವರ್ಷಕ್ಕ 43,470 ಯುರೋ ಇರಬೇಕಿತ್ತು, ಅದು ವರ್ಷಾ ವರ್ಷಾ ಏರ್ತೈತಿ. ಭಾಷಾ ಬರದ, ಇಲ್ಲಿ ಸರ್ಟಿಫಿಕೇಟ್ ಇಲ್ಲದ ಹುಡುಗಗ ಅಷ್ಟ ಪಗಾರ ಕೊಡೂ ಸಣ್ಣ ಶಾಪ್ ಹುಡುಕೂದು ತ್ರಾಸ, ಹಂಗಂತ ಪ್ರಯತ್ನ ಬಿಡಬ್ಯಾಡ.

ಖರೇ ಫೀಸು ಅಂದ್ರ ಜರ್ಮನ್ ಭಾಷಾ. ಔಸ್‌ಬಿಲ್ಡುಂಗ್ ವೀಸಾಕ್ಕ ಸಾಮಾನ್ಯವಾಗಿ ಬಿ1 ಅಂದ್ರ ನಡು ಮಟ್ಟದ ಜರ್ಮನ್ ಕೇಳ್ತಾರ. ಜರ್ಮನ್ ಕಲಸೂ ಗೊಯೆಥೆ ಸಂಸ್ಥೆಯವ್ರ ಬಿ1 ಪರೀಕ್ಷಾ ನಾಕ ಭಾಗ, ಓದೂದು ಕೇಳೂದು ಬರಿಯೂದು ಮಾತಾಡೂದು, ಒಂದೊಂದರಾಗ ನೂರಕ್ಕ 60 ಬರಬೇಕು, ಒಂದರಾಗ ಹೋದ್ರ ಅದನ್ನಷ್ಟ ಮತ್ತ ಬರೀಬಹುದು. ನಿನಗ ಬೆಂಗಳೂರಿಗಿಂತ ಪುಣೆ ಸನೇಕ, ಪರೀಕ್ಷಾ ಅಲ್ಲೇ ಕೊಡು. ಇಲ್ಲಿ ಸ್ಕೂಲಿನಾಗ ಮಾಸ್ತರು ಈ ಕಡೆ ಆಡುಭಾಷಾ ಶ್ವೇಬಿಶ್ ಹಚ್ಚಿದ್ರಂದ್ರ ಬಿ1 ಎಲ್ಲಿ ಹೋತೋ ಗೊತ್ತಾಗಂಗಿಲ್ಲ, ಅದಕ್ಕ ಬಿ2 ಮಾಡ್ಕೊಂಡ ಬಂದ್ರ ಇನ್ನೂ ಚೊಲೋ. ಮೊದಲಿನ ಕೆಲ ತಿಂಗಳ ಪ್ರೊಬೇಶನ್, ಕಂಪ್ನಿಯವ್ರು ಕೈ ಬಿಡಬಹುದು, ಬಿಟ್ರೂ ಬ್ಯಾರೆ ಕಂಪ್ನಿ ಹುಡುಕಾಕ ಆರ ತಿಂಗಳ ತನಕಾ ಟೈಮ್ ಕೊಡ್ತಾರ.

ಡಿಗ್ರಿಗೆ ಒಂದ್ ಲಾಭ ಐತಿ, ಮುಚ್ಚಿಡಂಗಿಲ್ಲ. ಬ್ಲೂ ಕಾರ್ಡ್ (ಡಿಗ್ರಿ ಇದ್ದವ್ರ ಕೆಲಸದ ಪರ್ಮಿಟ್) ಸಿಕ್ಕವ್ರಿಗೆ ಬಿ1 ಇದ್ರ 21 ತಿಂಗಳಿಗೆ ಇಲ್ಲೆ ಪರ್ಮನೆಂಟ್ ಆಗಿ ಇರಾಕ ಪರವಾನಗಿ, ಔಸ್‌ಬಿಲ್ಡುಂಗ್ ಮುಗಿಸಿದವ್ರಿಗೆ ಕೆಲಸಕ್ಕ ಸೇರಿ ಎರಡ ವರ್ಷ. ಶಿಫ್ಟ್ ಡ್ಯೂಟಿ ಬ್ಯಾರೆ, ಚಳಿಗಾಲದಾಗ ಕತ್ತಲಾಗ ಹೋಗಿ ಕತ್ತಲಾಗ ಬರೂದು, ಆಯಿತವಾರ ಅಂಗಡಿ ಬಂದ್, ರೂಮ್ ಸಿಗೂದು ತ್ರಾಸ. (ಜ್ವಾಳದ ಹಿಟ್ಟ ಇಂಡಿಯನ್ ಅಂಗಡ್ಯಾಗ ಸಿಗ್ತೈತಿ, ಅದರ ಚಿಂತಿ ಬಿಡು.) ಊರಾಗ ಕನ್ಯಾ ಕೇಳಾಕ ಹೋದ್ರ "ಹುಡುಗ ಬಿ.ಇ. ಅಲ್ಲೇನ್ರಿ" ಅಂತ ಮೂಗ ಮುರಿಯೂ ಮಂದಿ ಇರ್ತಾರ, ಅಪ್ಪಾರಿಗೆ ಖರೇ ಚಿಂತಿ ಅದ ಇರಬಹುದು. ಅವ್ರಿಗೆ ಹೇಳು, ಇಲ್ಲೆ ಟ್ರೇಡ್ ಮುಗಿಸಿ ಮೈಸ್ಟರ್ (ಟ್ರೇಡಿನ ಮ್ಯಾಲಿನ ಪರೀಕ್ಷಾ ಪಾಸಾದಾವ) ಆದವನ್ನ ಬ್ಯಾಚಲರ್ ಡಿಗ್ರಿದ ಲೆವಲ್‌ದಾಗ ಇಟ್ಟಾರ, ಇಲ್ಲಿನ ಅರ್ಹತಾ ಪಟ್ಟಿಯೊಳಗ ಎರಡೂ 6ನೇ ಲೆವಲ್. ಹ್ವಾದ ವಾರ ನಮ್ಮ ಡಿಸೈನ್‌ದವ್ರು ಕಳಸಿದ ಡ್ರಾಯಿಂಗ್ ನೋಡಿ ಮೂರನೇ ವರ್ಷದ ಹುಡುಗ ಒಬ್ಬ ಒಳಗಿನ ರೇಡಿಯಸ್‌ಗೆ ಪೆನ್ಸಿಲ್‌ಲೇ ಗುಂಡ ಹಾಕಿ, ಇಲ್ಲೆ ಕಟರ್ ಹೋಗಂಗಿಲ್ಲ ಅಂತ ಬರದ ವಾಪಸ್ ಕಳಸ್ದ, ಅವ್ರು ಡ್ರಾಯಿಂಗ್ ಬದಲಿ ಮಾಡಿದ್ರು, ಯಾರೂ ಅವನ ಡಿಗ್ರಿ ಕೇಳ್ಲಿಲ್ಲ.

ಹಿಂಗಾಗಿ ನಿನಗ ನಾ ಹೇಳೂದು, ಮಷಿನ್ ಮುಂದ ನಿಂದ್ರೂದು ನಿನಗ ಖರೇನ ಇಷ್ಟ ಇದ್ರ ಕೆಲ್ಸಾ ಬಿಡಬ್ಯಾಡ, ಸಂಜೀ ಮುಂದ ಜರ್ಮನ್ ಶುರು ಮಾಡು, ಡಿಸಿಇಟಿನೂ ಬರಿ, ಸೀಟ್ ಸಿಕ್ರ ಬಿ.ಇ., ಸಿಗಲಿಲ್ಲಂದ್ರ ಔಸ್‌ಬಿಲ್ಡುಂಗ್. ಹೊಲಾ ಹಂಗ ಇರ್ಲಿ. ಏಜೆಂಟಗ ಲಕ್ಷಗಟ್ಟಲೆ ಕೊಡಬ್ಯಾಡ, ಸೀಟಿಗಂತ ಕಂಪ್ನಿಯವ್ರು ರೊಕ್ಕ ತಗೊಳ್ಳಂಗಿಲ್ಲ, ಜರ್ಮನ್ ಸರ್ಕಾರದ ‘ಮೇಕ್ ಇಟ್ ಇನ್ ಜರ್ಮನಿ’ ಸೈಟಿನಾಗ ನೀನ ಹುಡುಕಿ ನೀನ ಅರ್ಜಿ ಹಾಕು. ಯಾವುದರ ಕಾಂಟ್ರ್ಯಾಕ್ಟ್ ಬಂತಂದ್ರ ಸಹಿ ಮಾಡೂಕಿಂತ ಮೊದ್ಲ ನನಗ ಕಳಸು, ಪಗಾರ ಎಷ್ಟ ಬರದಾರ, ಇಲ್ಲಿನ ವ್ಯಾಪಾರ-ಉದ್ದಿಮಿ ಚೇಂಬರ್‌ದಾಗ ನೋಂದಣಿ ಮಾಡಸ್ತಾರೋ ಇಲ್ಲೋ ನೋಡಿ ಹೇಳ್ತೀನಿ.